ಹೆದ್ದಾರಿಯ ಗೆರೆ, ಪಂಚಾಯಿತಿಯ ನೆಲ: ಶಿರಾಡಿ ಘಟ್ಟದ ತಲೆಯಲ್ಲಿ ಸಾರಿಗೆ ಮತ್ತು ಭೂಬಳಕೆ

ತೋಟ, ಗದ್ದೆ, ಮನೆ, ಅಂಗಡಿ, ಕಾಡು ಇವುಗಳಲ್ಲಿ ಯಾವುದು ಎಲ್ಲಿ ಇರಬೇಕು, ಯಾವ ನೆಲವನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಮುಂದಾಗಿ ಯೋಚಿಸಿ ನಿರ್ಧರಿಸುವ ಕೆಲಸವನ್ನು ಭೂಬಳಕೆ ಯೋಜನೆ ಎನ್ನುತ್ತಾರೆ. ಜನ ಮತ್ತು ಸರಕು ಓಡಾಡುವ ದಾರಿ, ವಾಹನ, ನಿಲ್ದಾಣಗಳನ್ನು ಗೊತ್ತುಪಡಿಸುವ ಕೆಲಸ ಸಾರಿಗೆ ಯೋಜನೆ. ರಸ್ತೆ ಬಂದ ಕಡೆ ನೆಲದ ಬೆಲೆ ಮತ್ತು ಬಳಕೆ ಎರಡೂ ಬದಲಾಗುವುದರಿಂದ, ಹಾಗೆಯೇ ನೆಲದ ಬಳಕೆ ಬದಲಾದ ಕಡೆ ರಸ್ತೆಯ ಮೇಲಿನ ಹೊರೆ ಹೆಚ್ಚುವುದರಿಂದ, ಇವೆರಡನ್ನು ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ಕಾಲದಲ್ಲಿ ಮಾಡಿದರೆ ಎರಡೂ ಕೆಡುತ್ತವೆ. ಕರ್ನಾಟಕದಲ್ಲಿ ಇವನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಹೆಚ್ಚಾಗಿ ಬೆಂಗಳೂರು, ಮೈಸೂರಿನಂಥ ನಗರಗಳ ಮಹಾಯೋಜನೆಗಳ ಮಟ್ಟಕ್ಕೆ ನಿಂತಿದೆ. ಜನಸಾಂದ್ರತೆ ಕಡಿಮೆಯಿರುವ ಮಲೆನಾಡಿನ ಹಳ್ಳಿಗಳಿಗೆ ಅಂಥ ಯೋಜನೆಯ ಅಗತ್ಯವೇ ಇಲ್ಲ ಎಂಬ ನಂಬಿಕೆ ಆಡಳಿತದಲ್ಲೂ ಜನರಲ್ಲೂ ಬೇರೂರಿದೆ. ಈ ನಂಬಿಕೆ ಎಷ್ಟು ದುಬಾರಿಯಾದುದು ಎಂಬುದಕ್ಕೆ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿ ಮತ್ತು ಅದರ ಸುತ್ತಲಿನ ಗುಡ್ಡಗಳೇ ಸಾಕ್ಷಿ.

ಮಾರನಹಳ್ಳಿ ಇರುವುದು ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲೆ, ಸಕಲೇಶಪುರ ಪಟ್ಟಣದಿಂದ ಪಶ್ಚಿಮಕ್ಕೆ ದೋಣಿಗಾಲ್ ದಾಟಿದ ಮೇಲೆ, ಶಿರಾಡಿ ಘಟ್ಟದ ಇಳಿಜಾರಿನ ತಲೆಯಲ್ಲಿ. ಈ ಆಸುಪಾಸಿನಲ್ಲಿಯೇ ಮಳೆಯ ನೀರು ಇಬ್ಭಾಗವಾಗುತ್ತದೆ: ಪೂರ್ವಕ್ಕೆ ಇಳಿದ ಹಳ್ಳಗಳು ಹೇಮಾವತಿಯನ್ನು ಸೇರಿ ಕಾವೇರಿಗೆ ಹೋದರೆ, ಪಶ್ಚಿಮಕ್ಕೆ ಇಳಿದವು ಕೆಂಪುಹೊಳೆ, ಗುಂಡ್ಯ ಹೊಳೆ, ಕುಮಾರಧಾರಾಗಳ ಮೂಲಕ ನೇತ್ರಾವತಿಗೆ ಸಲ್ಲುತ್ತವೆ. ಕರಾವಳಿಯ ಬಂದರಿನಿಂದ ಬಯಲುಸೀಮೆಗೆ ಏರುವ ಸರಕಿಗೆ ಇದು ಹತ್ತಿರದ ದಾರಿಯಾದ್ದರಿಂದ, ಕಳೆದ ಐವತ್ತು ವರ್ಷಗಳಲ್ಲಿ ಈ ಮಲೆಸಾಲಿನ ಮೇಲೆ ಒಂದರ ಪಕ್ಕ ಒಂದರಂತೆ ಗೆರೆಗಳು ಎಳೆಯಲ್ಪಟ್ಟಿವೆ. ಹಾಸನ–ಮಂಗಳೂರು ಮೀಟರ್ ಗೇಜ್ ರೈಲುಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಅದನ್ನು ಬ್ರಾಡ್ ಗೇಜ್‌ಗೆ ಬದಲಿಸಿ ಪ್ರಯಾಣಿಕರ ಗಾಡಿಗಳನ್ನು ಮತ್ತೆ ಆರಂಭಿಸಿದ್ದು 2007ರ ಡಿಸೆಂಬರ್‌ನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ಘಟ್ಟದ ದಾರಿಯಲ್ಲಿಯೇ 57 ಸುರಂಗಗಳಿವೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಕೊಳವೆಮಾರ್ಗ, ಉಡುಪಿ ಕಡೆಯ ಉಷ್ಣ ವಿದ್ಯುತ್ ಸ್ಥಾವರದಿಂದ ಹಾಸನದ ಶಾಂತಿಗ್ರಾಮಕ್ಕೆ ಬಂದ ವಿದ್ಯುತ್ ಮಾರ್ಗ, ಸಣ್ಣ ಜಲವಿದ್ಯುತ್ ಘಟಕಗಳು, 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಗುರಿಯ ಎತ್ತಿನಹೊಳೆ ಯೋಜನೆಯ ಒಡ್ಡುಗಳು ಮತ್ತು ಬೃಹತ್ ಕೊಳವೆಗಳು, ಇವೆಲ್ಲದರ ಜೊತೆಗೆ ಹಾಸನದಿಂದ ಮಾರನಹಳ್ಳಿಯವರೆಗಿನ ಸುಮಾರು 45 ಕಿ.ಮೀ. ಹೆದ್ದಾರಿಯನ್ನು ಚತುಷ್ಪಥವಾಗಿಸುವ ಕಾಮಗಾರಿ ಇದೇ ಗುಡ್ಡಗಳನ್ನು ಹಂಚಿಕೊಂಡಿವೆ.

ಒಂದೊಂದು ಯೋಜನೆಗೂ ಅದರದೇ ಇಲಾಖೆ, ಅದರದೇ ನಕ್ಷೆ, ಅದರದೇ ಗುತ್ತಿಗೆದಾರ ಇದ್ದರೂ, ಇವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಇಟ್ಟು ಗುಡ್ಡ ಒಟ್ಟು ಎಷ್ಟು ಭಾರ ತಾಳಬಲ್ಲದು ಎಂದು ಕೇಳುವ ಹೊಣೆ ಯಾರಿಗೂ ಇರಲಿಲ್ಲ. ಈ ಕೊರತೆ ಆಕಸ್ಮಿಕವಲ್ಲ, ಕಾನೂನಿನ ರಚನೆಯಲ್ಲಿಯೇ ಅಡಗಿದೆ. ದೊಡ್ಡ ಯೋಜನೆಗಳಿಗೆ ಮೊದಲು ಪರಿಸರ ಪರಿಣಾಮದ ಅಧ್ಯಯನ ಮತ್ತು ಜನರ ಅಹವಾಲು ಸಭೆ ನಡೆಯಬೇಕೆಂದು ಹೇಳುವ 2006ರ ಕೇಂದ್ರ ಅಧಿಸೂಚನೆಯ ಪಟ್ಟಿಯಲ್ಲಿ ರೈಲುಮಾರ್ಗಗಳೇ ಇಲ್ಲ. ವಿದ್ಯುತ್ ಮಾರ್ಗಗಳೂ ಇಲ್ಲ. ಎತ್ತಿನಹೊಳೆಯನ್ನು ಕುಡಿಯುವ ನೀರಿನ ಯೋಜನೆ ಎಂದು ಪರಿಗಣಿಸಿದ್ದರಿಂದ ಅದು ಆ ಪರಿಸರ ಅನುಮತಿಯ ವ್ಯಾಪ್ತಿಯಿಂದ ಹೊರಗುಳಿಯಿತು. ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಯ ವಿಷಯದಲ್ಲಿ 2013ರ ತಿದ್ದುಪಡಿ 100 ಕಿ.ಮೀ.ಗಿಂತ ಹೆಚ್ಚು ಉದ್ದದ ಕಾಮಗಾರಿಗೆ ಮಾತ್ರ, ಅದೂ ಹೆಚ್ಚುವರಿ ಜಾಗದ ಅಗಲ ಒಂದು ಮಿತಿ ಮೀರಿದಾಗ ಮಾತ್ರ, ಈ ಅನುಮತಿಯನ್ನು ಅಗತ್ಯಪಡಿಸಿತು. ಅರಣ್ಯ ಭೂಮಿ ಬಳಸುವುದಕ್ಕೆ ಬೇಕಾದ ಅನುಮತಿ ಬೇರೆಯದು. ಅದು ಕಾಡಿನ ಎಕರೆಗಳನ್ನು ಎಣಿಸುತ್ತದೆಯೇ ಹೊರತು ಕಾಡಿನ ಪಕ್ಕದ ತೋಟ, ಗದ್ದೆ, ಊರುಗಳ ಒಟ್ಟು ಭವಿಷ್ಯವನ್ನಲ್ಲ. ಹೀಗಾಗಿ ಉದ್ದಕ್ಕೆ ಹಾಯುವ ಯೋಜನೆಗಳು ಒಂದೊಂದಾಗಿ ನಿಯಮಬದ್ಧವಾಗಿಯೇ ಬಂದು, ಒಟ್ಟಾಗಿ ಯಾರ ಪರಿಶೀಲನೆಗೂ ಸಿಗದೆ ಉಳಿದವು.

ಪರಿಣಾಮ ಕಣ್ಣೆದುರಿಗಿದೆ. ಘಟ್ಟದ ರಸ್ತೆಯನ್ನು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಲಾಯಿತು; ಎರಡನೆಯ ಸಲ ತೆರೆದ ಮರುತಿಂಗಳೇ, 2018ರ ಆಗಸ್ಟ್‌ನ ಮಳೆಗೆ ಗುಡ್ಡ ಕುಸಿದು ರಸ್ತೆಯೂ ರೈಲೂ ನಿಂತವು. 2021 ಮತ್ತು 2022ರ ಮಳೆಗಾಲಗಳಲ್ಲಿ ದೋಣಿಗಾಲ್ ಬಳಿ ರಸ್ತೆಯ ಅಂಚೇ ಕಣಿವೆಗೆ ಜಾರಿತು. 2024ರ ಜುಲೈನಲ್ಲಿ ಮಾರನಹಳ್ಳಿ ಹತ್ತಿರದ ದೊಡ್ಡತಪ್ಲುವಿನಲ್ಲಿ ಮತ್ತೆ ಮತ್ತೆ ಮಣ್ಣು ಇಳಿದು ವಾಹನಗಳು ಸಿಕ್ಕಿಬಿದ್ದವು. ಅದೇ ತಿಂಗಳ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜರಿದು ಗಾಡಿಗಳು ಹಲವು ದಿನ ನಿಂತವು. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಸೀಳಿದ್ದೇ ಕುಸಿತಕ್ಕೆ ಕಾರಣ ಎಂಬ ಮಾತು ಆಗ ರಾಜ್ಯ ಸರ್ಕಾರದ ಬಾಯಿಂದಲೇ ಬಂತು. ಆ ಮಾತು ನಿಜ, ಆದರೆ ಅರ್ಧ ನಿಜ. ಉಳಿದರ್ಧ ನೀರಿನ ಕಥೆ.

ಮಲೆನಾಡಿನ ಇಳಿಜಾರಿನಲ್ಲಿ ಮಳೆಯ ನೀರು ಒಂದೇ ಕಡೆ ಹರಿಯುವುದಿಲ್ಲ. ಕಾಡಿನ ತರಗೆಲೆಯ ಹಾಸು, ಕಾಫಿ ತೋಟದ ನೆರಳುಮರಗಳ ಬೇರು, ತೋಟದೊಳಗೆ ಸಾಲಾಗಿ ತೆಗೆದ ತೊಟ್ಟಿಲುಗುಂಡಿ, ಕಣಿವೆಯ ತಳದಲ್ಲಿ ಮೆಟ್ಟಿಲಾಗಿ ಇಳಿಯುವ ಗದ್ದೆ, ಇವು ಸೇರಿ ನೀರನ್ನು ಹಲವು ಕವಲುಗಳಾಗಿ ಒಡೆದು, ನಿಧಾನಗೊಳಿಸಿ, ಹಳ್ಳಕ್ಕೆ ಬಿಡುತ್ತವೆ. ಅಡ್ಡಲಾಗಿ ಬಂದ ಅಗಲವಾದ ಹೆದ್ದಾರಿ ಈ ಕವಲುಗಳನ್ನೆಲ್ಲ ಕಡಿದು, ಮೇಲಿನ ಚರಂಡಿಯಲ್ಲಿ ಒಟ್ಟುಗೂಡಿಸಿ, ದೂರದಲ್ಲಿರುವ ಒಂದು ಮೋರಿಯ ಮೂಲಕ ಕೆಳಗಿನ ಒಂದೇ ಜಮೀನಿನ ಮೇಲೆ ಸುರಿಯುತ್ತದೆ. ಮೊದಲು ನಾಲ್ಕೈದು ಸಣ್ಣ ತೊರೆಗಳು ಹಂಚಿಕೊಳ್ಳುತ್ತಿದ್ದ ನೀರನ್ನು ಈಗ ಒಂದು ತೋಟ ಹೊರಬೇಕಾಗುತ್ತದೆ. ಅಲ್ಲಿ ಮಣ್ಣು ಕೊರೆದು ಕೊರಕಲಾಗುತ್ತದೆ, ಕೊರಕಲು ಹಿಂದೆ ಸರಿಯುತ್ತಾ ರಸ್ತೆಯ ಬುಡಕ್ಕೇ ಬರುತ್ತದೆ, ಮುಂದಿನ ಮಳೆಗಾಲದಲ್ಲಿ ರಸ್ತೆಯ ಅಂಚು ಜಾರುತ್ತದೆ. ಮೋರಿ ಎಲ್ಲಿ ಬರಬೇಕೆಂಬುದನ್ನು ಎಂಜಿನಿಯರು ರಸ್ತೆಯ ಉದ್ದದ ಲೆಕ್ಕದಲ್ಲಿ ತೀರ್ಮಾನಿಸಿರುತ್ತಾರೆ. ಯಾವ ಹಳ್ಳದಲ್ಲಿ ಆಟಿಯ ಮಳೆಗೆ ಎಷ್ಟು ನೀರು ಏರುತ್ತದೆ ಎಂಬುದು ಆ ಊರಿನವರಿಗೆ ತಿಳಿದಿರುತ್ತದೆ. ಈ ಎರಡು ತಿಳಿವಳಿಕೆಗಳು ಒಂದೇ ಮೇಜಿನ ಬಳಿ ಸೇರುವ ವ್ಯವಸ್ಥೆ ಇದ್ದಿದ್ದರೆ ಹಲವು ಮೋರಿಗಳ ಜಾಗ ಬದಲಾಗುತ್ತಿತ್ತು.

ಅಗೆದ ಮಣ್ಣಿನ ವಿಷಯವೂ ಇದೇ ಬಗೆಯದು. ಗುಡ್ಡ ಕಡಿದಾಗ ಬರುವ ಸಾವಿರಾರು ಲೋಡು ಮಣ್ಣನ್ನು ಎಲ್ಲಾದರೂ ಹಾಕಲೇಬೇಕು. ರಸ್ತೆಗೆ ಹತ್ತಿರವಾದ, ತಗ್ಗಾದ ಜಾಗವೇ ಗುತ್ತಿಗೆದಾರನಿಗೆ ಅಗ್ಗ. ಮಲೆನಾಡಿನಲ್ಲಿ ತಗ್ಗಾದ ಜಾಗವೆಂದರೆ ಹೆಚ್ಚಿನಂಶ ಗದ್ದೆಬಯಲು, ಜೌಗು ಅಥವಾ ಹಳ್ಳದ ದಂಡೆ. ಕೂಲಿ ಸಿಗದೆ, ಆನೆಯ ಕಾಟ ತಾಳದೆ ಬೀಳುಬಿಟ್ಟ ಗದ್ದೆಯ ಒಡೆಯನಿಗೆ ಅದನ್ನು ತುಂಬಿಸಿ ಸಮತಟ್ಟಾದ ಸೈಟು ಮಾಡಿಕೊಡುತ್ತೇವೆಂಬ ಮಾತು ಲಾಭದಾಯಕವಾಗಿಯೇ ಕಾಣುತ್ತದೆ, ಆತನನ್ನು ದೂರುವುದೂ ನ್ಯಾಯವಲ್ಲ. ಆದರೆ ಇಬ್ಬರ ನಡುವಿನ ಈ ಒಪ್ಪಂದ ವಾಸ್ತವದಲ್ಲಿ ಭೂಬಳಕೆಯ ಬದಲಾವಣೆ. ನೀರು ಇಂಗುತ್ತಿದ್ದ ಜಾಗ ಮುಚ್ಚಿ, ಸಡಿಲ ಮಣ್ಣಿನ ರಾಶಿ ಹಳ್ಳದ ಬಾಯಿಗೆ ಬಂದು, ಕೆಳಗಿನ ಹತ್ತು ಜನರ ಗದ್ದೆಗೆ ಕೆಸರು ಹೊಡೆಯುವ ಸಂಗತಿ. ಹೆದ್ದಾರಿಯ ಕಡತದಲ್ಲಿ ಇದು ಮಣ್ಣು ವಿಲೇವಾರಿಯ ಒಂದು ಸಾಲು, ಪಂಚಾಯಿತಿಯ ಕಡತದಲ್ಲಿ ಇದಕ್ಕೆ ಜಾಗವೇ ಇಲ್ಲ.

ಸ್ಥಳೀಯ ಸರ್ಕಾರಕ್ಕೆ ಅಧಿಕಾರವೇ ಇಲ್ಲವೆಂದು ಇದರ ಅರ್ಥವಲ್ಲ. ಸಂವಿಧಾನದ 73ನೇ ತಿದ್ದುಪಡಿ ಸೇರಿಸಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆಗಳೂ ಇವೆ, ಭೂ ಅಭಿವೃದ್ಧಿ ಮತ್ತು ಮಣ್ಣಿನ ಸಂರಕ್ಷಣೆಯೂ ಇವೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಹಳ್ಳಿಯಲ್ಲಿ ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬದಲಿಸುವ ಭೂಪರಿವರ್ತನೆ ಮಾತ್ರ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಜಿಲ್ಲಾಧಿಕಾರಿಯ ಕೈಯಲ್ಲಿದೆ. ಮಹಾಯೋಜನೆ ಮಾಡುವುದಕ್ಕಿರುವ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೆಸರಿನಲ್ಲಿ ಗ್ರಾಮಾಂತರವನ್ನು ಒಳಗೊಂಡಿದ್ದರೂ ಬಳಕೆಯಲ್ಲಿ ಬಹುಮಟ್ಟಿಗೆ ಪಟ್ಟಣ ಮತ್ತು ಅದರ ಅಂಚಿನ ಹಳ್ಳಿಗಳಾಚೆ ಹೋಗಿಲ್ಲ. ಇನ್ನು ಹೆದ್ದಾರಿ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯಂತೆ ನಡೆಯುತ್ತದೆ: ಜಮೀನು ಬೇಕೆಂಬ ಅಧಿಸೂಚನೆ ಹೊರಟ ಮೇಲೆ, ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರು 21 ದಿನಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಅಂದರೆ ತೋಟ ಕಳೆದುಕೊಳ್ಳುವ ಒಬ್ಬ ರೈತ ತನ್ನ ಸರ್ವೆ ನಂಬರಿನ ಬಗ್ಗೆ ಮಾತಾಡಬಹುದು. ಇಡೀ ಊರಿನ ಪರವಾಗಿ ಅದರ ಸರ್ಕಾರವಾದ ಪಂಚಾಯಿತಿ ರಸ್ತೆಯ ಗೆರೆಯ ಬಗ್ಗೆಯೇ ಮಾತಾಡುವ ಹಂತ ಈ ಕ್ರಮದಲ್ಲಿ ಇಲ್ಲ. ಗೆರೆ ಬೀಳುವ ಮೊದಲು ಅದರ ಅಭಿಪ್ರಾಯ ಬೇಕಾಗುವುದಿಲ್ಲ. ಗೆರೆ ಬಿದ್ದ ಮೇಲೆ, ಅದರ ಅಕ್ಕಪಕ್ಕದಲ್ಲಿ ಏಳುವ ಹೋಟೆಲು, ಗ್ಯಾರೇಜು, ಹೋಂಸ್ಟೇಗಳಿಗೆ ಪರವಾನಗಿ ಕೊಡುವ ಕೆಲಸ ಮಾತ್ರ ಅದರ ಪಾಲಿಗೆ ಬರುತ್ತದೆ.

ಹೆದ್ದಾರಿಯ ಗೆರೆ, ಊರಿನ ನೆಲ ಎರಡನ್ನೂ ಹೊಂದಿಸುವ ಜಾಗವೊಂದನ್ನು ಸಂವಿಧಾನವೇ ಮಾಡಿಟ್ಟಿದೆ. ಜಿಲ್ಲೆಯ ಪಂಚಾಯಿತಿಗಳು ಮತ್ತು ಪುರಸಭೆಗಳ ಯೋಜನೆಗಳನ್ನು ಕ್ರೋಡೀಕರಿಸಿ, ಸ್ಥಳಗಳ ಬಳಕೆ, ನೀರು ಮತ್ತಿತರ ಸಂಪನ್ಮೂಲಗಳ ಹಂಚಿಕೆ, ಮೂಲಸೌಕರ್ಯಗಳ ಸಮಗ್ರ ಅಭಿವೃದ್ಧಿ, ಪರಿಸರ ಸಂರಕ್ಷಣೆ ಇವನ್ನೆಲ್ಲ ಗಮನಿಸಿ ಜಿಲ್ಲೆಗೊಂದು ಕರಡು ಯೋಜನೆ ತಯಾರಿಸಬೇಕಾದ ಜಿಲ್ಲಾ ಯೋಜನಾ ಸಮಿತಿಯನ್ನು 243 ಝಡ್‌ಡಿ ವಿಧಿ ಕಡ್ಡಾಯಗೊಳಿಸಿದೆ. ಕರ್ನಾಟಕದ ಕಾಯ್ದೆ ಈ ಸಮಿತಿಯ ಅಧ್ಯಕ್ಷತೆಯನ್ನು ಜಿಲ್ಲಾ ಪಂಚಾಯಿತಿ ಅಧ್ಯಕ್ಷರಿಗೆ ವಹಿಸಿತ್ತು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ತಕರಾರುಗಳ ನಡುವೆ ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ದೋಣಿಗಾಲ್‌ನಲ್ಲಿ, ದೊಡ್ಡತಪ್ಲುವಿನಲ್ಲಿ ಗುಡ್ಡ ಕುಸಿಯುತ್ತಿದ್ದ ವರ್ಷಗಳಲ್ಲಿಯೇ ಹಾಸನ ಜಿಲ್ಲೆಯ ಯೋಜನಾ ಸಮಿತಿಗೆ ಜನ ಆರಿಸಿದ ಅಧ್ಯಕ್ಷರಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳುವ ಕುರ್ಚಿಯೇ ಖಾಲಿಯಿತ್ತು.

ಕುರ್ಚಿ ತುಂಬಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಮಾರನಹಳ್ಳಿಯಿಂದ ಇಳಿದ ಹೆದ್ದಾರಿ ಘಟ್ಟದ ನಡುವೆಯೇ ಹಾಸನ ಜಿಲ್ಲೆ ದಾಟಿ ದಕ್ಷಿಣ ಕನ್ನಡದ ಕಡಬ ತಾಲ್ಲೂಕನ್ನು ಸೇರುತ್ತದೆ. ಮೇಲೆ ಮಾಡಿದ ತಪ್ಪು ಕೆಳಗೆ ಕೆಸರಾಗಿ ಕಾಣಿಸಿಕೊಳ್ಳುತ್ತದೆ, ಆದರೆ ಮೇಲಿನವರ ಮತ್ತು ಕೆಳಗಿನವರ ಯೋಜನಾ ಸಮಿತಿಗಳು ಬೇರೆ. ಆದ್ದರಿಂದ ಸಕಲೇಶಪುರದಿಂದ ಗುಂಡ್ಯದವರೆಗೆ ಹೆದ್ದಾರಿ ಮತ್ತು ರೈಲುಮಾರ್ಗ ಹಾಯುವ ಗ್ರಾಮ ಪಂಚಾಯಿತಿಗಳೆಲ್ಲ ಸೇರಿದ, ಎರಡೂ ಜಿಲ್ಲೆಗಳ ಯೋಜನಾ ಸಮಿತಿಗಳಿಗೆ ವರದಿ ಮಾಡುವ, ಹೆದ್ದಾರಿ, ರೈಲ್ವೆ, ಅರಣ್ಯ, ನೀರಾವರಿ ಇಲಾಖೆಗಳು ಹಾಜರಾಗಲೇಬೇಕಾದ ಒಂದು ಘಟ್ಟ ಸಮಿತಿ ಬೇಕು. ಇಂಥ ಏರ್ಪಾಡು ಲೋಕದಲ್ಲಿ ಹೊಸತಲ್ಲ. ಅಮೆರಿಕದಲ್ಲಿ 1962ರ ಹೆದ್ದಾರಿ ಕಾಯ್ದೆ 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳಿಗೆ ಒಂದು ಷರತ್ತು ವಿಧಿಸಿತು: ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಸೇರಿ, ನಿರಂತರವಾಗಿ, ಸಮಗ್ರವಾಗಿ ಯೋಜನೆ ಮಾಡಿದರೆ ಮಾತ್ರ ಕೇಂದ್ರದ ಹೆದ್ದಾರಿ ಹಣ. 1973ರ ನಂತರ ಆ ಕೆಲಸಕ್ಕೆಂದೇ ಸ್ಥಳೀಯ ಪ್ರತಿನಿಧಿಗಳಿರುವ ಯೋಜನಾ ಸಂಸ್ಥೆಗಳಿಗೆ ಹೆದ್ದಾರಿ ನಿಧಿಯಿಂದಲೇ ಹಣ ಒದಗಿಸಲಾಯಿತು. ಅಲ್ಲಿಯೂ ಎಲ್ಲ ಸರಿಯಾಗಿಲ್ಲ. ನೆಲದ ಬಳಕೆಯ ಮೇಲಿನ ಅಧಿಕಾರ ಆ ಸಂಸ್ಥೆಗಳಿಗೆ ಬಹುಪಾಲು ಇಲ್ಲ. ಆದರೂ ಅದರಿಂದ ಕಲಿಯಬೇಕಾದ ಒಂದು ಅಂಶವಿದೆ: ಕೂಡಿ ಕೂರಬೇಕೆಂಬ ಉಪದೇಶಕ್ಕೆ ಯಾವ ಇಲಾಖೆಯೂ ಕಿವಿಗೊಡುವುದಿಲ್ಲ, ಕೂಡಿ ಕೂರದಿದ್ದರೆ ಹಣ ಬಿಡುಗಡೆಯಿಲ್ಲ ಎಂಬ ನಿಯಮಕ್ಕೆ ಕಿವಿಗೊಡುತ್ತದೆ.

ಇದಕ್ಕೆ ಬಲವಾದ ಒಂದು ಆಕ್ಷೇಪ ಉಂಟು. ಗ್ರಾಮ ಪಂಚಾಯಿತಿಗಳೇ ಇಳಿಜಾರಿನ ಮೇಲೆ ಹೋಂಸ್ಟೇಗಳಿಗೆ ಅನುಮತಿ ಕೊಟ್ಟಿವೆ, ಜೆಸಿಬಿಗಳು ತೋಟದ ನಡುವೆ ಗುಡ್ಡ ಕಡಿಯುವಾಗ ಸುಮ್ಮನಿವೆ, ಅಂಥ ಸಂಸ್ಥೆಗಳಿಗೆ ಹೆದ್ದಾರಿಯ ಬಗ್ಗೆ ಮಾತಾಡುವ ಅರ್ಹತೆ ಎಲ್ಲಿಯದು ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ, ಅದರಿಂದ ಹೊರಡಿಸುವ ತೀರ್ಮಾನದಲ್ಲಿ ಇಲ್ಲ. ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಒಬ್ಬ ಕಾರ್ಯದರ್ಶಿ, ಒಬ್ಬಿಬ್ಬರು ಬಿಲ್ ಕಲೆಕ್ಟರ್‌ಗಳಿರುವ ಕಚೇರಿಗೆ ಭೂವಿಜ್ಞಾನಿಯೂ ಇಲ್ಲ, ಯೋಜನಾ ತಜ್ಞರೂ ಇಲ್ಲ; ಅರ್ಜಿ ಬಂದ ಜಾಗ ಕುಸಿಯುವ ಇಳಿಜಾರೋ ಅಲ್ಲವೋ ಎಂದು ಹೇಳುವ ನಕ್ಷೆಯೂ ಅದರ ಮೇಜಿನ ಮೇಲಿಲ್ಲ. ಸಹಾಯ ಬೇಕಾಗಿರುವುದು ಇಲ್ಲಿಯೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಗುಡ್ಡಗಾಡುಗಳಿಗೆ ಭೂಕುಸಿತದ ಸಾಧ್ಯತೆಯ ನಕ್ಷೆ ಮಾಡಿದೆ. ಆದರೆ ಅದರ ಪ್ರಮಾಣ 1:50,000, ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್, ಅದರೊಳಗೆ ಹತ್ತಾರು ಹಿಡುವಳಿಗಳು ಮುಚ್ಚಿಹೋಗುತ್ತವೆ. ಇನ್ನೊಂದೆಡೆ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಯಾರಿಗೆ ಬೇಕಾದರೂ ಕಾಣುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿ ಮಳೆಯ ಲೆಕ್ಕ ಕೊಡುತ್ತವೆ. ಕುಸಿತದ ನಕ್ಷೆಯನ್ನು ಸ್ಥಳ ಪರಿಶೀಲನೆಯೊಂದಿಗೆ ಸರ್ವೆ ನಂಬರಿನ ಮಟ್ಟಕ್ಕೆ ಇಳಿಸಿ, ಅದರ ಮೇಲೆ ಹಳ್ಳಗಳು, ಹೆದ್ದಾರಿ, ರೈಲು, ಕೊಳವೆ, ಆನೆಗಳ ಓಡಾಟದ ದಾರಿಗಳನ್ನು ಗುರುತಿಸಿದ ಒಂದೇ ನಕ್ಷೆ ಪ್ರತಿ ಪಂಚಾಯಿತಿಯ ಗೋಡೆಯ ಮೇಲಿದ್ದರೆ, ಪರವಾನಗಿಗೆ ಇಲ್ಲವೆನ್ನಲು ಪಿಡಿಒಗೆ ಧೈರ್ಯವೂ ಆಧಾರವೂ ಬರುತ್ತವೆ. ಕೇರಳ 1996ರಲ್ಲಿ ಜನಯೋಜನೆ ಆರಂಭಿಸಿದಾಗ ನಿವೃತ್ತ ಎಂಜಿನಿಯರರು, ಅಧ್ಯಾಪಕರು, ವೈದ್ಯರನ್ನು ಸ್ವಯಂಸೇವಾ ತಾಂತ್ರಿಕ ದಳವಾಗಿ ಕಟ್ಟಿ ಪಂಚಾಯಿತಿಗಳ ಯೋಜನೆಗಳ ಪರಿಶೀಲನೆಗೆ ಒದಗಿಸಿತ್ತು. ಹಾಸನದಲ್ಲಿ 1960ರಿಂದ ಮಲೆನಾಡು ತಾಂತ್ರಿಕ ಕಾಲೇಜು ಇದೆ. ಅದರ ಹೆಸರಿನಲ್ಲಿರುವ ಮಲೆನಾಡಿಗೆ ಇಂಥ ನೆರವು ನೀಡುವುದು ಕಷ್ಟದ ಕೆಲಸವೇನಲ್ಲ.

ಆನೆಗಳ ದಾರಿಯ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಆಲೂರು–ಸಕಲೇಶಪುರದ ಆನೆ–ಮಾನವ ಸಂಘರ್ಷವನ್ನು ಅಧ್ಯಯನ ಮಾಡಿದ, ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ ಆಲೂರು ಭಾಗದಲ್ಲಿ ಆನೆ ಹಿಡಿಯುವ ಕಾರ್ಯಾಚರಣೆ ನಡೆದರೂ ಹಾವಳಿ ನಿಲ್ಲಲಿಲ್ಲ. ಎತ್ತರದ ತಡೆಗೋಡೆ, ಆಳದ ಕಡಿತ, ಉದ್ದದ ಕಾಲುವೆ ಅಡ್ಡ ಬಂದಾಗ ಆನೆ ದಾರಿ ಬದಲಿಸಿ ಇನ್ನೊಂದು ಊರಿನ ತೋಟಕ್ಕೆ ನುಗ್ಗುತ್ತದೆ, ತೋಟಕ್ಕೆ ನಸುಕಿನಲ್ಲಿ ಹೊರಟ ಕಾರ್ಮಿಕರು ಅದರ ಎದುರಿಗೆ ಸಿಕ್ಕುತ್ತಾರೆ. ಸಾರಿಗೆಯ ತೀರ್ಮಾನವೊಂದು ಎಲ್ಲೋ ಒಂದು ಕಡೆ ಜೀವಹಾನಿಯಾಗಿ ಮುಗಿಯುವುದು ಹೀಗೆ.

ಹೆದ್ದಾರಿಯ ಗದ್ದಲದಲ್ಲಿ ಊರಿನವರ ದಿನನಿತ್ಯದ ಸಾರಿಗೆ ಮರೆತುಹೋಗುವುದೂ ಇದೇ ಸಮಸ್ಯೆಯ ಇನ್ನೊಂದು ಮುಖ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಒಳಹಳ್ಳಿಗಳಲ್ಲಿ ಶಾಲೆ, ಆಸ್ಪತ್ರೆ, ಪಡಿತರ ಅಂಗಡಿ ಎಲ್ಲಿರಬೇಕೆಂದು ಒಂದೊಂದು ಇಲಾಖೆ ತೀರ್ಮಾನಿಸುತ್ತದೆ, ಬಸ್ಸು ಎಲ್ಲಿಗೆ ಹೋಗಬೇಕೆಂದು ಇನ್ನೊಂದು. ಮಕ್ಕಳು ಕಡಿಮೆಯೆಂದು ಊರಿನ ಶಾಲೆ ಮುಚ್ಚಿದ ದಿನವೇ ಆ ಮಕ್ಕಳಿಗೆ ಪ್ರಯಾಣದ ಅಗತ್ಯ ಹುಟ್ಟುತ್ತದೆ. ಬಸ್ಸಿನ ವೇಳಾಪಟ್ಟಿಯಲ್ಲಿ ಅದಕ್ಕೆ ತಕ್ಕ ಬದಲಾವಣೆ ಆಗುವುದಿಲ್ಲ. ಪಂಚಾಯಿತಿಯ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಚರಂಡಿ, ಬೀದಿದೀಪಗಳ ಪಟ್ಟಿಯ ಜೊತೆಗೆ ಯಾವ ಊರಿನಿಂದ ಯಾರು, ಯಾವ ಹೊತ್ತಿಗೆ, ಎಲ್ಲಿಗೆ ಹೋಗಬೇಕಾಗಿದೆ ಎಂಬ ಲೆಕ್ಕವೂ ಸೇರಿದರೆ, ಅದಕ್ಕೆ ದುಡ್ಡು ಬೇಕಾಗುವುದಿಲ್ಲ, ಗಮನ ಮಾತ್ರ ಬೇಕು.

ಜನರನ್ನು ಮೊದಲೇ ಮಾತಿಗೆ ಕರೆಯದ ಯೋಜನೆಗೆ ಏನಾಗುತ್ತದೆ ಎಂಬುದನ್ನು ಈ ತಾಲ್ಲೂಕು ಇನ್ನೊಂದು ದಿಕ್ಕಿನಿಂದಲೂ ಕಂಡಿದೆ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಾಗ, ನಿರ್ಬಂಧಗಳು ಗ್ರಾಮಸಭೆಗಳ ಚರ್ಚೆಯಿಂದ ರೂಪುಗೊಳ್ಳಬೇಕೆಂದು ಹೇಳಿತ್ತು. ನಂತರ ಬಂದ ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು ಹೊರಟವು. ಹಳ್ಳಿಗಳಿಗೆ ತಲುಪಿದ್ದು ತಮ್ಮ ಊರಿನ ಹೆಸರಿದ್ದ ಪಟ್ಟಿ ಮತ್ತು ಒಕ್ಕಲೆಬ್ಬಿಸುತ್ತಾರೆಂಬ ಭಯ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹೆದ್ದಾರಿ ಮೇಲಿನಿಂದ ಬಂದು ಗುಡ್ಡ ಕುಸಿಯಿತು, ಸಂರಕ್ಷಣೆಯೂ ಮೇಲಿನಿಂದಲೇ ಬಂದು ವಿಶ್ವಾಸ ಕುಸಿಯಿತು.

ಸಮಾಲೋಚನೆಯಿಂದ ಕಾಮಗಾರಿ ತಡವಾಗುತ್ತದೆ ಎಂಬ ಮಾತಿಗೆ ಶಿರಾಡಿಯಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗಲಾರದು. ರಸ್ತೆ ಮುಚ್ಚಿದಾಗಲೆಲ್ಲ ಟ್ಯಾಂಕರು, ಕಂಟೇನರು, ಬಸ್ಸುಗಳು ಚಾರ್ಮಾಡಿ, ಬಿಸಿಲೆ, ಸಂಪಾಜೆಗಳ ಕಿರಿದಾದ ತಿರುವುಗಳಿಗೆ ಹಂಚಿಹೋಗುತ್ತವೆ, ಆ ಘಟ್ಟಗಳೂ ಅದೇ ಮಳೆಗೆ ಅದೇ ರೀತಿ ಕುಸಿಯುತ್ತವೆ. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಯ ಆಂಬುಲೆನ್ಸೂ ಸುತ್ತಿ ಬಳಸಿ ಹೋಗಬೇಕು. ಮೊದಲೇ ಆರು ತಿಂಗಳು ಕೂತು ನೀರಿನ ದಾರಿ, ಮಣ್ಣಿನ ಜಾಗ, ಊರಿನವರು ದಾಟುವ ಕಡೆಗಳನ್ನು ಗುರುತಿಸಿದ್ದರೆ ಆ ಆರು ತಿಂಗಳು ಆಮೇಲಿನ ಒಂದೊಂದು ಮಳೆಗಾಲದಲ್ಲೂ ಮರಳಿ ಬರುತ್ತಿತ್ತು.

ಮಾರನಹಳ್ಳಿಯ ಮುಂದೆ ಈಗ ಇದಕ್ಕಿಂತ ದೊಡ್ಡ ತೀರ್ಮಾನವಿದೆ. ಇಲ್ಲಿಂದ ಅಡ್ಡಹೊಳೆಯವರೆಗೆ ಸುಮಾರು 23 ಕಿ.ಮೀ. ಉದ್ದದಲ್ಲಿ ಸುರಂಗಗಳು ಮತ್ತು ಸೇತುವೆಗಳ ಹೊಸ ಹೆದ್ದಾರಿ ಮಾಡುವ ಪ್ರಸ್ತಾಪ ಹತ್ತು ವರ್ಷಗಳಿಂದ ರೂಪ ಬದಲಿಸುತ್ತಾ ಚರ್ಚೆಯಲ್ಲಿದೆ. ಸುರಂಗದ ಬಾಯಿ ಎಲ್ಲಿ ತೆರೆಯುತ್ತದೆ ಎಂಬುದರ ಮೇಲೆ ಹಳೆಯ ರಸ್ತೆಯ ಪಕ್ಕದ ಅಂಗಡಿಗಳ ಬದುಕು, ಸುತ್ತಲಿನ ತೋಟಗಳ ಬೆಲೆ, ಗುಡ್ಡದೊಳಗಿಂದ ಬರುವ ಕಲ್ಲುಮಣ್ಣಿನ ರಾಶಿ ಬೀಳುವ ಕಣಿವೆ, ಅಂತರ್ಜಲ ಬತ್ತಬಹುದಾದ ಊರುಗಳು, ಹಳೆಯ ರಸ್ತೆಯನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ, ಇವೆಲ್ಲ ನಿಂತಿವೆ. ಗೆರೆ ಇನ್ನೂ ಕಾಗದದ ಮೇಲಿರುವಾಗಲೇ ಅದರ ನಕ್ಷೆ ಕನ್ನಡದಲ್ಲಿ, ಸರ್ವೆ ನಂಬರುಗಳೊಡನೆ, ದಾರಿಯುದ್ದದ ಪ್ರತಿ ಗ್ರಾಮಸಭೆಯ ಮುಂದೆ ಬರಬೇಕು. ಸಭೆಯ ಪ್ರತಿ ಆಕ್ಷೇಪಕ್ಕೂ ಹೆದ್ದಾರಿ ಪ್ರಾಧಿಕಾರ ಲಿಖಿತ ಉತ್ತರ ಕೊಡಬೇಕು. ಆ ಉತ್ತರಗಳು ಜಿಲ್ಲಾ ಯೋಜನಾ ಸಮಿತಿಯ ಕಡತ ಸೇರಿದ ಮೇಲೆಯೇ ಭೂಸ್ವಾಧೀನದ ಮೊದಲ ಅಧಿಸೂಚನೆ ಹೊರಡಬೇಕು. ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾ ಪಂಚಾಯಿತಿಗೆ ಚುನಾವಣೆ ಮತ್ತು ರಾಜ್ಯ ಸರ್ಕಾರ ಹಾಕುವ ಒಂದು ಲಿಖಿತ ಷರತ್ತು, ಇಷ್ಟರಿಂದ ಆರಂಭಿಸಬಹುದು.